ಓದುಗರ ಪ್ರಶ್ನೆ: ಬೀಫ್, ಕಾಳು ಮತ್ತು ಮನೆಯಲ್ಲೇ ಕುಟ್ಟಿದ ಚಿಲಿ ಪುಡಿ

ಅಮೆರಿಕದ ಟೆಕ್ಸಸ್‌ನಲ್ಲಿ ನೆಲೆಸಿರುವ ನಮ್ಮ ಓದುಗರಿಂದ ಅಲ್ಲಿನ ‘ಚಿಲಿ’ ಎಂಬ ಅಡುಗೆಯ ಬಗ್ಗೆ ಹಲವು ಪತ್ರಗಳು ಬಂದಿವೆ. ದನದ ಮಾಂಸವನ್ನು ಒಣ ಮೆಣಸಿನಕಾಯಿ ಮತ್ತು ಜೀರಿಗೆಯ ಮಸಾಲೆಯಲ್ಲಿ ನಿಧಾನವಾಗಿ ಬೇಯಿಸಿ, ಅನೇಕ ಮನೆಗಳಲ್ಲಿ ಕಾಳನ್ನೂ ಸೇರಿಸಿ ಮಾಡುವ ಗಟ್ಟಿ ಸಾರು ಇದು. ಒಂದೇ ವಿಷಯದ ಪತ್ರಗಳಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ಅಂಗಡಿಯ ಚಿಲಿ ಮಸಾಲೆ ಪೊಟ್ಟಣ ಹಾಕಿದರೆ ಉಪ್ಪೇ ಮುಂದಾಗುತ್ತದೆ, ಘಮ ಬರುವುದಿಲ್ಲ. ನಮ್ಮ ಮನೆಯ ಹತ್ತಿರ ಮೆಕ್ಸಿಕನ್ ದಿನಸಿ ಅಂಗಡಿಯಿದೆ. ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ? ಊರಿನಿಂದ ತಂದ ಬ್ಯಾಡಗಿ ಮೆಣಸಿನಕಾಯಿ ಬಳಸಬಹುದೇ? (ಡಲ್ಲಾಸ್‌ನ ಓದುಗರು)

ಉತ್ತರ: ಪೊಟ್ಟಣದ ಹಿಂಬದಿಯನ್ನು ಒಮ್ಮೆ ಓದಿ ನೋಡಿದರೆ ನಿಮ್ಮ ದೂರಿಗೆ ಕಾರಣ ಅಲ್ಲೇ ಸಿಗುತ್ತದೆ. ಮೆಣಸಿನಕಾಯಿ, ಜೀರಿಗೆಗಳ ಜೊತೆಗೆ ಉಪ್ಪು, ಸಕ್ಕರೆ, ಸಾರು ಗಟ್ಟಿಯಾಗಲೆಂದು ಹಾಕಿದ ಮೆಕ್ಕೆಜೋಳದ ಹಿಟ್ಟು ಇವೆಲ್ಲ ಅದರಲ್ಲಿ ಸೇರಿರುತ್ತವೆ. ಹೀಗಾಗಿ ಖಾರ ಸಾಲದೆಂದು ಇನ್ನೊಂದು ಚಮಚ ಹಾಕಿದರೆ ಅದರೊಂದಿಗೆ ಉಪ್ಪೂ ಏರುತ್ತದೆ. ಪುಡಿ ಮನೆಯದಾದರೆ ಉಪ್ಪು ಬೇರೆ, ಮಸಾಲೆ ಬೇರೆ. ಎರಡೂ ನಿಮ್ಮ ಕೈಯಲ್ಲೇ ಇರುತ್ತವೆ. ಸಾರಿನ ಪುಡಿಯನ್ನು ಮನೆಯಲ್ಲೇ ಹುರಿದು ಕುಟ್ಟಿಕೊಳ್ಳುವ ರೂಢಿಯಿರುವ ನಮಗೆ ಈ ಕೆಲಸ ಹೊಸದೇನೂ ಅಲ್ಲ.

ಮೆಕ್ಸಿಕನ್ ಅಂಗಡಿಯಲ್ಲಿ ಮೂರು ಬಗೆಯ ಒಣ ಮೆಣಸಿನಕಾಯಿಗಳನ್ನು ಕೊಳ್ಳಿ. ಮೊದಲನೆಯದು ‘ಆಂಚೊ’. ಪೊಬ್ಲಾನೊ ಎಂಬ ದಪ್ಪ ಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿ ಹಣ್ಣಾದ ಮೇಲೆ ಒಣಗಿಸಿದ್ದು ಇದು. ಅಗಲವಾಗಿ, ಕಪ್ಪು ಮಿಶ್ರಿತ ಕೆಂಪು ಬಣ್ಣದಲ್ಲಿರುತ್ತದೆ, ಖಾರ ಬಹಳ ಕಡಿಮೆ, ವಾಸನೆ ಒಣದ್ರಾಕ್ಷಿಯನ್ನು ಹೋಲುತ್ತದೆ. ಎರಡನೆಯದು ‘ಗ್ವಾಹಿಯೊ’: ಉದ್ದವಾಗಿ, ನುಣುಪಾಗಿ, ಕಡುಗೆಂಪಾಗಿದ್ದು ಬಣ್ಣವನ್ನೂ ಹದವಾದ ಖಾರವನ್ನೂ ಕೊಡುತ್ತದೆ. ಮೂರನೆಯದು ‘ಆರ್ಬೊಲ್’ ಎಂಬ ಸಣ್ಣ ಮೆಣಸಿನಕಾಯಿ, ಇದು ಬರೀ ಖಾರಕ್ಕೆ. ಒಂದು ಸಣ್ಣ ಸೀಸೆಯಷ್ಟು ಪುಡಿಗೆ ನಾಲ್ಕು ಆಂಚೊ, ನಾಲ್ಕು ಗ್ವಾಹಿಯೊ, ಒಂದೆರಡು ಆರ್ಬೊಲ್ ಸಾಕು.

ತೊಟ್ಟು ಮುರಿದು, ಪಕ್ಕದಲ್ಲಿ ಸೀಳಿ, ಬೀಜ ಕೊಡವಿ. ಕಾವಲಿಯನ್ನು ಸಣ್ಣ ಉರಿಯಲ್ಲಿ ಕಾಯಿಸಿ ಮೆಣಸಿನಕಾಯಿಯನ್ನು ಅದರ ಮೇಲೆ ಹರಡಿ ಸೌಟಿನಿಂದ ಒತ್ತಿದರೆ, ಕೆಲವೇ ಸೆಕೆಂಡುಗಳಲ್ಲಿ ಸಿಪ್ಪೆ ಅಲ್ಲಲ್ಲಿ ಉಬ್ಬಿ, ಬಣ್ಣ ಸ್ವಲ್ಪ ತಿಳಿಯಾಗಿ, ಘಮ ಮೇಲೇಳುತ್ತದೆ. ತಕ್ಷಣ ಮಗುಚಿ, ಇನ್ನೊಂದು ಬದಿಯನ್ನೂ ಅಷ್ಟೇ ಬಿಸಿ ಮಾಡಿ ತೆಗೆದುಬಿಡಿ. ಹೊಗೆ ಕಾಣಿಸಿಕೊಂಡಿತೆಂದರೆ ಹೊತ್ತಿತೆಂದೇ ಅರ್ಥ. ಆ ಕಹಿಯನ್ನು ಸಕ್ಕರೆಯಾಗಲಿ ಟೊಮೆಟೊ ಆಗಲಿ ಮುಚ್ಚಲಾರವು, ಹಾಗಾಗಿ ಹೊತ್ತಿದ್ದನ್ನು ಎಸೆಯುವುದೇ ಮೇಲು. ಆಂಚೊ ಚರ್ಮದಂತೆ ಮೆತ್ತಗಿರುವುದರಿಂದ ಹುರಿದ ಕೂಡಲೇ ಮಿಕ್ಸಿಗೆ ಹಾಕಿದರೆ ಉಂಡೆ ಕಟ್ಟುತ್ತದೆ. ಹುರಿದದ್ದನ್ನು 120 ಡಿಗ್ರಿ ಸೆಲ್ಸಿಯಸ್ ಬಿಸಿಯ ಓವನ್‌ನಲ್ಲಿ ಕೆಲವು ನಿಮಿಷ ಇಟ್ಟು, ಪೂರ್ತಿ ಆರಿಸಿ, ಮುರಿದರೆ ಚಟ್ಟೆಂದು ಸದ್ದಾಗುವ ಹದಕ್ಕೆ ಬಂದ ಮೇಲೆ ಪುಡಿ ಮಾಡಿ. ಇದಕ್ಕೆ ಬೇರೆಯಾಗಿ ಹುರಿದ ಒಂದೂವರೆ ದೊಡ್ಡ ಚಮಚ ಜೀರಿಗೆ, ಎರಡು ಸಣ್ಣ ಚಮಚ ಮೆಕ್ಸಿಕನ್ ಒರೆಗಾನೊ, ಎರಡು ಸಣ್ಣ ಚಮಚ ಬೆಳ್ಳುಳ್ಳಿ ಪುಡಿ ಸೇರಿಸಿದರೆ ಮಸಾಲೆ ಸಿದ್ಧ. ಒಂದು ಕಿಲೋ ಮಾಂಸಕ್ಕೆ ನಾಲ್ಕು ದೊಡ್ಡ ಚಮಚ ಹಿಡಿಯುತ್ತದೆ. ಒಂದೆರಡು ತಿಂಗಳಿಗೆ ಆಗುವಷ್ಟನ್ನು ಮಾತ್ರ ಮಾಡಿಕೊಂಡರೆ ಘಮ ಉಳಿಯುತ್ತದೆ.

ಒರೆಗಾನೊ ಕೊಳ್ಳುವಾಗ ಎಚ್ಚರವಿರಲಿ. ಪಿಜ್ಜಾದ ಮೇಲೆ ಉದುರಿಸುವುದು ಪುದೀನದ ಕುಟುಂಬಕ್ಕೆ ಸೇರಿದ ಗಿಡ, ಮೆಕ್ಸಿಕನ್ ಒರೆಗಾನೊ ಬೇರೆಯದೇ ಕುಟುಂಬದ್ದು, ಅದರ ವಾಸನೆ ಇನ್ನಷ್ಟು ಗಾಢ. ಸಿಗದಿದ್ದರೆ ನಮ್ಮ ದೊಡ್ಡಪತ್ರೆಯ ಎರಡೇ ಎರಡು ಹಸಿ ಎಲೆಗಳನ್ನು ಸಣ್ಣಗೆ ಹೆಚ್ಚಿ ಇಳಿಸುವ ಮೊದಲು ಹಾಕಬಹುದು. ಎರಡರಲ್ಲೂ ಕಾರ್ವಕ್ರಾಲ್ ಎಂಬ ಪರಿಮಳದ ಅಂಶವಿರುವುದರಿಂದ ವಾಸನೆ ದೂರವೆನಿಸುವುದಿಲ್ಲ.

ಇನ್ನು ಬ್ಯಾಡಗಿಯ ವಿಚಾರ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದ್ದು, ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣಕ್ಕೇ ಅದು ಹೆಸರಾಗಿದೆ. ಗ್ವಾಹಿಯೊ ಮಾಡುವ ಕೆಲಸವನ್ನು ಬ್ಯಾಡಗಿ ಧಾರಾಳವಾಗಿ ಮಾಡುತ್ತದೆ. ಆಂಚೊದ ಹಣ್ಣಿನಂಥ ಸಿಹಿ ಮಾತ್ರ ಅದರಿಂದ ಬರುವುದಿಲ್ಲ. ಬರೀ ಬ್ಯಾಡಗಿಯಲ್ಲೇ ಮಾಡುವುದಾದರೆ ಹತ್ತು ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಸಿ ಅರೆದು ಸಾರಿಗೆ ಸೇರಿಸಿ, ಆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಗುಂಟೂರು ಮೆಣಸಿನಕಾಯಿಯನ್ನು ಈ ಪ್ರಮಾಣದಲ್ಲಿ ಖಂಡಿತ ಬಳಸಬೇಡಿ.

ಪ್ರಶ್ನೆ: ಪಕ್ಕದ ಮನೆಯವರನ್ನು ಊಟಕ್ಕೆ ಕರೆದು ಬೀಫ್ ಮತ್ತು ರಾಜ್ಮಾ ಹಾಕಿದ ಚಿಲಿ ಬಡಿಸಿದೆವು. ಅವರು ಚೆನ್ನಾಗಿ ಉಂಡರು, ಆದರೆ ‘ಕಾಳು ಹಾಕಿದ್ದು ಚಿಲಿಯೇ ಅಲ್ಲ’ ಎಂದರು. ಇದು ನಿಜವೇ? (ಹ್ಯೂಸ್ಟನ್‌ನ ಓದುಗರು)

ಉತ್ತರ: ಸ್ಪರ್ಧೆಯ ಮಟ್ಟಿಗೆ ನಿಜ, ಮನೆಯ ಮಟ್ಟಿಗೆ ಅಲ್ಲ. ಟೆಕ್ಸಸ್‌ನ ಟರ್ಲಿಂಗ್ವಾ ಎಂಬ ಮರುಭೂಮಿಯ ಪುಟ್ಟ ಊರಿನಲ್ಲಿ 1967ರಲ್ಲಿ ಆರಂಭವಾದ ಚಿಲಿ ಸ್ಪರ್ಧೆಯ ಪರಂಪರೆಯಲ್ಲಿ ಪಾತ್ರೆಗೆ ಕಾಳು, ಅಕ್ಕಿ, ಪಾಸ್ತಾ ಹಾಕುವಂತಿಲ್ಲ ಎಂಬ ನಿಯಮವಿದೆ. ಚಿಲಿ 1977ರಲ್ಲಿ ಟೆಕ್ಸಸ್‌ನ ಅಧಿಕೃತ ರಾಜ್ಯ ಖಾದ್ಯವೂ ಆಯಿತು. ಹಾಗಾಗಿ ಅಲ್ಲಿಯವರಿಗೆ ಇದು ಅಭಿಮಾನದ ವಿಷಯ, ನಿಮ್ಮ ನೆರೆಯವರ ಮಾತಿಗೆ ಬೇಸರಪಟ್ಟುಕೊಳ್ಳಬೇಕಿಲ್ಲ.

ಆದರೆ ಈ ಅಡುಗೆ ಬೆಳೆದುಬಂದದ್ದು ಸ್ಪರ್ಧೆಯ ಮೈದಾನದಲ್ಲಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸ್ಯಾನ್ ಆಂಟೋನಿಯೊ ನಗರದ ಮಿಲಿಟರಿ ಪ್ಲಾಜಾದಂಥ ಚೌಕಗಳಲ್ಲಿ ಮೆಕ್ಸಿಕನ್ ಮೂಲದ ಹೆಂಗಸರು ಸಂಜೆಯಾಗುತ್ತಲೇ ಒಲೆ ಹೂಡಿ, ಉದ್ದನೆಯ ಮೇಜುಗಳನ್ನಿಟ್ಟು, ಲಾಂದ್ರದ ಬೆಳಕಿನಲ್ಲಿ ಚಿಲಿ ಬಡಿಸುತ್ತಿದ್ದರು. ಸೈನಿಕರು, ಗಾಡಿಯವರು, ಪ್ರವಾಸಿಗಳು ಎಲ್ಲರೂ ಅಲ್ಲಿಗೆ ಬರುತ್ತಿದ್ದರು. ಜನ ಅವರನ್ನು ‘ಚಿಲಿ ರಾಣಿಯರು’ ಎಂದು ಕರೆದರು. 1893ರ ಷಿಕಾಗೊ ವಿಶ್ವ ಮೇಳದಲ್ಲಿ ಸ್ಯಾನ್ ಆಂಟೋನಿಯೊದ ಹೆಸರಿನಲ್ಲೇ ಒಂದು ಚಿಲಿ ಅಂಗಡಿ ಇತ್ತು. ನಗರದ ಆರೋಗ್ಯ ನಿಯಮಗಳು ಬಿಗಿಯಾದಂತೆ, 1930ರ ದಶಕದ ಕೊನೆಯ ಹೊತ್ತಿಗೆ ಆ ಬಯಲು ಅಂಗಡಿಗಳು ಮುಚ್ಚಿಹೋದವು. ಇಂದು ನಾವು ‘ಟೆಕ್ಸಸ್ ರುಚಿ’ ಎಂದು ಹೊಗಳುವುದನ್ನು ಜನರ ನಾಲಿಗೆಗೆ ಹತ್ತಿಸಿದವರು ಆ ಹೆಂಗಸರು. ಅವರ ಪಾಲಿನ ಶ್ರೇಯಸ್ಸು ಅವರಿಗೆ ಸಲ್ಲಬೇಕಾದಷ್ಟು ಸಂದಿಲ್ಲವೆಂದೇ ನನ್ನ ಅಭಿಪ್ರಾಯ. 1890ರ ದಶಕದಲ್ಲಿ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಒಣ ಮೆಣಸಿನಕಾಯಿ ವರ್ಷವಿಡೀ ಕೈಗೆ ಸಿಗಲೆಂದು ಅದನ್ನು ಪುಡಿ ಮಾಡಿ ಸೀಸೆಯಲ್ಲಿ ಮಾರಲು ತೊಡಗಿದ ಮೇಲೆ ಈ ಅಡುಗೆ ಟೆಕ್ಸಸ್ ದಾಟಿ ಹರಡಿತು.

ಬೀಫ್ ಮತ್ತು ಕಾಳಿನ ಜೊತೆಯೂ ಆ ನೆಲಕ್ಕೆ ಹಳೆಯದೇ. ಟೆಕ್ಸಸ್‌ನಿಂದ ಉತ್ತರದ ರೈಲು ನಿಲ್ದಾಣಗಳವರೆಗೆ ಸಾವಿರಾರು ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ, 1866ರಲ್ಲಿ, ಚಾರ್ಲ್ಸ್ ಗುಡ್‌ನೈಟ್ ಎಂಬ ದನಗಾರ ಹಳೆಯ ಸೈನ್ಯದ ಬಂಡಿಯೊಂದನ್ನು ಅಡುಗೆ ಬಂಡಿಯಾಗಿ ಮಾರ್ಪಡಿಸಿದ. ಅಂಥ ಬಂಡಿಗಳಲ್ಲಿ ತಪ್ಪದೆ ಇರುತ್ತಿದ್ದ ದಿನಸಿಯೆಂದರೆ ಒಣ ಕಾಳು. ಮಾಂಸ ದುಬಾರಿಯಾದ ಮನೆಗಳಲ್ಲಿ ಕಾಳು ಪಾತ್ರೆಯನ್ನು ತುಂಬಿಸಿದೆ, ಮಕ್ಕಳ ಹೊಟ್ಟೆಯನ್ನೂ ತುಂಬಿಸಿದೆ. ಆದ್ದರಿಂದ ನೀವು ಧೈರ್ಯವಾಗಿ ಹಾಕಿ. ಟೆಕ್ಸಸ್‌ನ ರೂಢಿಗೆ ಇನ್ನಷ್ಟು ಹತ್ತಿರವಾಗಬೇಕೆಂದಿದ್ದರೆ ರಾಜ್ಮಾದ ಬದಲು ಚುಕ್ಕೆಗಳಿರುವ ಪಿಂಟೊ ಕಾಳನ್ನು ಆರಿಸಿಕೊಳ್ಳಿ. ಅದರ ತಿರುಳು ಬೆಣ್ಣೆಯಂತೆ ಮೆತ್ತಗಾಗಿ ಮಸಾಲೆಯನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ.

ಪ್ರಶ್ನೆ: ನಾನು ಇಲ್ಲಿ ಓದುತ್ತಿರುವ ವಿದ್ಯಾರ್ಥಿ. ಬೆಳಿಗ್ಗೆ ಹಸಿ ರಾಜ್ಮಾ, ಮಾಂಸ, ಟೊಮೆಟೊ ಎಲ್ಲವನ್ನೂ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗೆ ಹಾಕಿ ತರಗತಿಗೆ ಹೋಗುತ್ತೇನೆ. ಸಂಜೆಗೆ ಮಾಂಸ ಬೆಂದಿರುತ್ತದೆ, ಕಾಳು ಗಟ್ಟಿಯಾಗಿಯೇ ಇರುತ್ತದೆ. ಏನು ಮಾಡಲಿ? (ಆಸ್ಟಿನ್‌ನ ಓದುಗರು)

ಉತ್ತರ: ಈ ಪದ್ಧತಿಯನ್ನು ಇವತ್ತೇ ನಿಲ್ಲಿಸಿ. ಕಾಳು ಬೇಯದಿರುವುದಕ್ಕಿಂತ ದೊಡ್ಡ ತೊಂದರೆ ಇದರಲ್ಲಿದೆ. ಹಸಿ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಾಂಶವಿರುತ್ತದೆ. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಆಗಬಹುದು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ, ಆದರೆ ನಿಧಾನವಾಗಿ ಬೇಯಿಸುವ ಪಾತ್ರೆಯ ಒಳಗಿನ ಬಿಸಿ ಅಷ್ಟು ಏರದೆ ಉಳಿಯಬಹುದು. ಸುಮಾರು 80 ಡಿಗ್ರಿಯ ಬಿಸಿಯಲ್ಲಿ ಅರೆಬೆಂದ ಕಾಳಿನ ವಿಷ ಹಸಿ ಕಾಳಿಗಿಂತಲೂ ಹೆಚ್ಚಾಗಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಸಲಹೆ ಸ್ಪಷ್ಟವಾಗಿದೆ: ಕಾಳನ್ನು ಕನಿಷ್ಠ 5 ಗಂಟೆ ನೆನೆಹಾಕಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಮರಳಿಸಬೇಕು. ನಿಮ್ಮಲ್ಲಿ ಕುಕ್ಕರ್ ಇದ್ದರೆ ರಾತ್ರಿ ನೆನೆಸಿ ಬೆಳಿಗ್ಗೆ ಅದರಲ್ಲೇ ಮೆತ್ತಗೆ ಬೇಯಿಸಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ಅದೂ ಆಗದ ದಿನ ಡಬ್ಬಿಯಲ್ಲಿ ಸಿಗುವ ಬೇಯಿಸಿದ ಕಾಳನ್ನು ಸೋಸಿ, ತೊಳೆದು ಬಳಸಿ. 200 ಗ್ರಾಂ ಒಣ ಕಾಳು ಬೆಂದರೆ ಹೆಚ್ಚುಕಡಿಮೆ ಎರಡು ಡಬ್ಬಿಯಷ್ಟಾಗುತ್ತದೆ.

ಕಾಳು ಗಟ್ಟಿಯಾಗಿ ಉಳಿಯಲು ಟೊಮೆಟೊ ಕಾರಣ. ಹುಳಿಯಲ್ಲಿ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ, ನೀರು ಗಡಸಾಗಿದ್ದರೆ ಇನ್ನೂ ಕಷ್ಟ. ಬೇಳೆ ಬೇಯುವ ಮೊದಲು ಹುಣಸೆಹಣ್ಣು ಹಾಕಬಾರದೆಂದು ನಮ್ಮ ಮನೆಗಳಲ್ಲಿ ಹೇಳುವುದು ಇದೇ ಕಾರಣಕ್ಕೆ. ಉಪ್ಪಿನ ವಿಷಯದಲ್ಲಿ ಮಾತ್ರ ಹಳೆಯ ನಂಬಿಕೆಯನ್ನು ಬಿಡಬೇಕು: ನೆನೆಹಾಕುವ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಬೆರೆಸಿದರೆ ಸಿಪ್ಪೆ ಒಡೆಯದೆ ಮೆತ್ತಗಾಗುತ್ತದೆ. ಕಾಳನ್ನು ಯಾವಾಗಲೂ ಬೇರೆಯಾಗಿ ಬೇಯಿಸಿ, ಮಾಂಸ ಮುಕ್ಕಾಲು ಬೆಂದ ಮೇಲೆ ಸೇರಿಸಿ.

ಪ್ರಶ್ನೆ: ಮಾಂಸ ಕೆಲವೊಮ್ಮೆ ನಾರುನಾರಾಗಿ ಒಣಗಿದಂತಾಗುತ್ತದೆ. ಕೀಮಾ ಒಳ್ಳೆಯದೋ, ತುಂಡುಗಳೋ? ಮಸಾಲೆ ಯಾವಾಗ ಹಾಕಬೇಕು? (ಸ್ಯಾನ್ ಆಂಟೋನಿಯೊದ ಓದುಗರು)

ಉತ್ತರ: ಸಮಯವಿದ್ದರೆ ತುಂಡುಗಳು, ವಾರದ ದಿನಗಳಲ್ಲಿ ಕೀಮಾ. ತುಂಡುಗಳಿಗೆ ‘ಚಕ್’ ಎಂದು ಮಾರುವ ಭುಜದ ಭಾಗವನ್ನೇ ಕೇಳಿ ತನ್ನಿ. ಕೊಬ್ಬಿಲ್ಲದ, ನೋಡಲು ಅಚ್ಚುಕಟ್ಟಾದ ತೊಡೆಯ ಮಾಂಸ ಈ ಅಡುಗೆಗೆ ಒಗ್ಗುವುದಿಲ್ಲ. ಭುಜದ ಮಾಂಸದಲ್ಲಿ ಬಿಳಿಯ ನಾರಿನಂತೆ ಹರಡಿರುವ ಅಂಟು ಪದಾರ್ಥವು ಸಣ್ಣ ಉರಿಯಲ್ಲಿ ಎರಡು, ಎರಡೂವರೆ ಗಂಟೆ ಬೇಯುವಾಗ ಕರಗಿ ಸಾರಿಗೆ ಮೈಕಟ್ಟು ಕೊಡುತ್ತದೆ, ತುಂಡುಗಳೂ ಮೃದುವಾಗುತ್ತವೆ. ಬೇಗ ಆಗಲೆಂದು ಕೊತಕೊತ ಕುದಿಸಿದಾಗಲೇ ಮಾಂಸ ನಾರಾಗುವುದು. ಕೀಮಾ ಆದರೆ ಶೇ. 20ರಷ್ಟು ಕೊಬ್ಬಿರುವುದನ್ನು ತಂದು, 71 ಡಿಗ್ರಿ ತಲುಪುವವರೆಗೆ ಬೇಯಿಸಿ.

ಒಂದು ಕಿಲೋ ಮಾಂಸವನ್ನು ಎರಡು ಸೆಂಟಿಮೀಟರ್ ತುಂಡುಗಳಾಗಿ ಹೆಚ್ಚಿ, ತೇವ ಒರೆಸಿ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವಾಗಿಯೇ ಹಾಕಿ ಕಂದು ಬಣ್ಣಕ್ಕೆ ಹುರಿಯಿರಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಮಾಂಸ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಮಾಂಸ ತೆಗೆದು, ಅದೇ ಕೊಬ್ಬಿನಲ್ಲಿ ಎರಡು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ ಬಾಡಿಸಿ, ಮಸಾಲೆ ಪುಡಿಯ ಮೂರರಲ್ಲಿ ಎರಡು ಭಾಗವನ್ನು ಹಾಕಿ ಒಂದೇ ನಿಮಿಷ ಕೈಯಾಡಿಸಿ. ಹಸಿವಾಸನೆ ಹೋದೊಡನೆ 400 ಗ್ರಾಂ ಟೊಮೆಟೊ, ಮುಕ್ಕಾಲು ಲೀಟರ್ ನೀರು ಅಥವಾ ಮೂಳೆಯ ಸಾರು ಸೇರಿಸಿ, ಮಾಂಸವನ್ನು ಮರಳಿ ಹಾಕಿ. ಉಳಿದ ಪುಡಿಯನ್ನು ಕೊನೆಯ ಅರ್ಧ ಗಂಟೆಗೆ ಇಟ್ಟುಕೊಳ್ಳಿ. ಮೊದಲು ಹಾಕಿದ್ದು ಸಾರಿನೊಳಗೆ ಇಳಿದಿರುತ್ತದೆ, ನಂತರ ಹಾಕಿದ್ದು ಘಮವನ್ನು ಮೇಲೆ ಉಳಿಸುತ್ತದೆ. ಸ್ಪರ್ಧೆಯವರೂ ಹೀಗೆ ಕಂತುಕಂತಾಗಿಯೇ ಹಾಕುತ್ತಾರೆ. ಗಟ್ಟಿಯಾಗಬೇಕೆಂದರೆ ತೋರ್ತಿಯಾ ಎಂಬ ಮೆಕ್ಸಿಕನ್ ರೊಟ್ಟಿ ಮಾಡಲು ಬಳಸುವ, ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಎರಡು ಚಮಚ ‘ಮಾಸಾ’ ಹಿಟ್ಟನ್ನು ನೀರಿನಲ್ಲಿ ಕದಡಿ ಹಾಕಿ. ಇಲ್ಲದಿದ್ದರೆ ಒಂದು ಸೌಟು ಬೆಂದ ಕಾಳನ್ನು ಮಸೆದು ಸೇರಿಸಿದರೂ ಆದೀತು. ಉಪ್ಪಿನ ರುಚಿಯನ್ನು ಕಾಳು ಹಾಕಿದ ಮೇಲೆಯೇ ನೋಡಿ.

ಪ್ರಶ್ನೆ: ಒಮ್ಮೆಗೇ ಹೆಚ್ಚು ಮಾಡಿ ಎಷ್ಟು ದಿನ ಇಡಬಹುದು? (ಡಲ್ಲಾಸ್‌ನ ಇನ್ನೊಬ್ಬ ಓದುಗರು)

ಉತ್ತರ: ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ದೊಡ್ಡ ಪಾತ್ರೆಯಲ್ಲೇ ಇಟ್ಟರೆ ನಡುಭಾಗ ಬಹಳ ಹೊತ್ತು ಬಿಸಿಯಾಗಿ ಉಳಿಯುವುದರಿಂದ ಅಗಲವಾದ ಡಬ್ಬಿಗಳಿಗೆ ತೆಳುವಾಗಿ ಹಂಚಿ. ಫ್ರಿಜ್‌ನಲ್ಲಿ ಮೂರು–ನಾಲ್ಕು ದಿನ, ಫ್ರೀಜರ್‌ನಲ್ಲಿ ಎರಡು–ಮೂರು ತಿಂಗಳು ಚೆನ್ನಾಗಿರುತ್ತದೆ. ಮತ್ತೆ ಬಿಸಿ ಮಾಡುವಾಗ ಪೂರ್ತಿ ಕುದಿ ಬರಲಿ. ಮರುದಿನ ಮಸಾಲೆ ಕಾಳಿನೊಳಗೆ ಇಳಿದು ರುಚಿ ಹೆಚ್ಚುವುದರಿಂದ, ನೆಂಟರನ್ನು ಕರೆದಿದ್ದರೆ ಹಿಂದಿನ ದಿನವೇ ಮಾಡಿಡುವುದು ಒಳ್ಳೆಯದು.

ಪ್ರಶ್ನೆ: ನಾವು ಬೀಫ್ ತಿನ್ನುವುದಿಲ್ಲ. ಮಗ ಅಲ್ಲಿಂದ ಬರುವಾಗ ಆಂಚೊ ಮೆಣಸಿನಕಾಯಿ ತಂದಿದ್ದಾನೆ. ಇದೇ ಮಸಾಲೆಯಲ್ಲಿ ಬೇರೆ ಏನು ಮಾಡಬಹುದು? (ದಾವಣಗೆರೆಯ ಓದುಗರು)

ಉತ್ತರ: ಕುರಿಮಾಂಸದ ಭುಜದ ಭಾಗಕ್ಕೆ ಈ ಮಸಾಲೆ ಚೆನ್ನಾಗಿ ಹೊಂದುತ್ತದೆ. ಮೂಳೆ ಸಹಿತವೇ ಹಾಕಿ, ಬೇಯುವ ಹೊತ್ತನ್ನು ಒಂದೂವರೆ ಗಂಟೆಗೆ ಇಳಿಸಿ, ಜೀರಿಗೆಯನ್ನು ಸ್ವಲ್ಪ ಕಡಿಮೆ ಮಾಡಿ. ಮಾಂಸವೇ ಬೇಡವೆಂದರೆ ರಾಜ್ಮಾದ ಜೊತೆಗೆ ಅಲಸಂದೆಯನ್ನೂ ಬೇಯಿಸಿ ಸೇರಿಸಿ, ಈರುಳ್ಳಿಯನ್ನು ಎರಡು ಪಟ್ಟು ಹಾಕಿ, ಕಂದು ಬಣ್ಣ ಬರುವವರೆಗೆ ತಾಳ್ಮೆಯಿಂದ ಹುರಿಯಿರಿ. ಮಾಂಸ ಹುರಿದಾಗ ಬರುವ ಗಾಢ ರುಚಿಯನ್ನು ಇಲ್ಲಿ ಈರುಳ್ಳಿಯೇ ಕೊಡಬೇಕು. ಕೊನೆಯಲ್ಲಿ ನಿಂಬೆರಸ ಹಿಂಡಿ, ಬಿಸಿ ಜೋಳದ ರೊಟ್ಟಿಯ ಜೊತೆ ಬಡಿಸಿ.