ಎಂಆರ್‌ಐ ನಾರ್ಮಲ್ ಬಂದ ಮೇಲೂ ನ್ಯೂರೋಸೈಕಾಲಜಿ ಟೆಸ್ಟ್ ಬೇಕಾ?

ನಿಮ್ಮ ತಾಯಿಗೆ 64 ವರ್ಷ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಎಂಆರ್‌ಐನಲ್ಲಿ ಏನೂ ಕಾಣಲಿಲ್ಲ, ಆದರೂ ಡಾಕ್ಟರು ಈ ಟೆಸ್ಟ್ ಬರೆದಿದ್ದಾರೆ, ಸುಮ್ನೆ ದುಡ್ಡು ದಂಡ ಅಲ್ವಾ ಅಂತ ಕೇಳಿದ್ದೀರಿ. ಖಂಡಿತ ದಂಡ ಅಲ್ಲ, ಮಾಡಿಸಿ. ನಾನು ಡಾಕ್ಟರ್ ಅಲ್ಲ. ಮೂರು ವರ್ಷದ ಹಿಂದೆ ನಮ್ಮಪ್ಪನಿಗೆ ಇದನ್ನು ಮಾಡಿಸಿದ್ದೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ಸ್ಕ್ಯಾನ್‌ನಲ್ಲಿ ಮೆದುಳಿನ ರೂಪ ಕಾಣುತ್ತದೆ. ಅದು ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯಬೇಕಾದರೆ ಕೆಲಸ ಕೊಟ್ಟೇ ನೋಡಬೇಕು, ನ್ಯೂರೋಸೈಕಾಲಜಿ ಟೆಸ್ಟ್‌ನಲ್ಲಿ ಮಾಡುವುದು ಅದನ್ನೇ.

ಅಪ್ಪನಿಗೆ ಕೊಟ್ಟ ಒಂದು ಕೆಲಸ ಹೀಗಿತ್ತು. 15 ಪದ ಓದಿ, ನೆನಪಿದ್ದಷ್ಟು ಹೇಳಿ ಅಂದರು. ಅದೇ ಪಟ್ಟಿಯನ್ನು ಐದು ಸಲ ಓದಿ ಐದು ಸಲ ಕೇಳಿದರು. ನಡುವೆ ಬೇರೇನೋ ಚಿತ್ರ ಬಿಡಿಸುವ ಕೆಲಸ. ಅರ್ಧ ಗಂಟೆ ಬಿಟ್ಟು ಮತ್ತೆ ಪದ ಕೇಳಿದಾಗ ಅಪ್ಪನಿಗೆ ಬಂದದ್ದು ನಾಲ್ಕೇ. ಆದರೆ ಬೇರೆ ಪದಗಳ ಜೊತೆ ಬೆರೆಸಿ ‘ಇದು ಇತ್ತಾ?’ ಅಂತ ಕೇಳಿದರೆ 13 ಗುರುತು ಹಿಡಿದಿದ್ದರು. ಸೈಕಾಲಜಿಸ್ಟ್ ಹಾಳೆ ತೋರಿಸಿ ವಿವರಿಸಿದಾಗ ನನಗೆ ಅರ್ಥವಾಯಿತು. ಪದಗಳು ಒಳಗೆ ಹೋಗಿ ಕೂತಿದ್ದವು, ಹೊರಗೆ ತೆಗೆಯುವುದು ಅವರಿಗೆ ಕಷ್ಟವಾಗಿತ್ತು. ಅಲ್ಝೈಮರ್ ಅನ್ನುವ ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಹೊಸ ವಿಷಯ ಒಳಗೆ ಉಳಿಯುವುದೇ ಇಲ್ಲ, ಸುಳಿವು ಕೊಟ್ಟರೂ ಅಷ್ಟಾಗಿ ಬರುವುದಿಲ್ಲ.

ಇದೊಂದರಿಂದಲೇ ಯಾರೂ ತೀರ್ಮಾನ ಮಾಡಲಿಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಇತ್ತು. ನಮ್ಮಮ್ಮ ತೀರಿಹೋಗಿ ಎಂಟು ತಿಂಗಳಾಗಿತ್ತು, ಅಪ್ಪ ಖಿನ್ನತೆಯಲ್ಲಿದ್ದರು. ನಾವು ಅದನ್ನು ವಯಸ್ಸಿನ ಮಂಕು ಅಂದುಕೊಂಡಿದ್ದೆವು. ಈ ಎರಡರಿಂದಲೂ ಮರೆವು ಬರಬಹುದಂತೆ, ಎರಡಕ್ಕೂ ಚಿಕಿತ್ಸೆ ಆಯಿತು. ಮರುವರ್ಷ ಮತ್ತೆ ಟೆಸ್ಟ್ ಮಾಡಿದಾಗ ಅರ್ಧ ಗಂಟೆಯ ಮೇಲೆ ಹತ್ತು ಪದ ಹೇಳಿದರು. ಈಗ ಪಾಸ್‌ಬುಕ್ ಮತ್ತೆ ಅವರ ಕೈಯಲ್ಲೇ ಇದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಆದರೆ ಯಾವ ಬಗೆಯ ಮರೆವು ಅಂತ ಗೊತ್ತಾಗದೆ ಔಷಧಿ ಹುಡುಕುವುದು ಹೇಗೆ?

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಕೇಳಿ. ಟೆಸ್ಟ್ ಕನ್ನಡದಲ್ಲಿ ಆಗಬೇಕು, ನಿಮ್ಮಮ್ಮ ಎಷ್ಟು ಓದಿದ್ದಾರೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊದಲು ಒಂದು ಕ್ಲಿನಿಕ್‌ನಲ್ಲಿ ಅಪ್ಪನಿಗೆ ಹತ್ತು ನಿಮಿಷ ಅರ್ಧ ಇಂಗ್ಲಿಷ್‌ನಲ್ಲೇ ಕೇಳಿ, ಅಂಕ ಕಡಿಮೆ ಬಂತು ಅಂತ ಬಾಗಿಲಲ್ಲೇ ನಿಂತು ‘ಡಿಮೆನ್ಶಿಯಾ’ ಅಂದುಬಿಟ್ಟರು. ಏಳನೇ ಕ್ಲಾಸ್ ಕನ್ನಡ ಶಾಲೆಯಲ್ಲಿ ಓದಿದ ಮನುಷ್ಯ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲೇ ನಮ್ಮ ಜನರನ್ನು ಅಳೆದು, ವಯಸ್ಸು, ಓದು, ಹೆಣ್ಣು ಗಂಡು ನೋಡಿ ಹೋಲಿಸುವ ಟೆಸ್ಟ್‌ಗಳ ಕಟ್ಟು ಹೊರತಂದಿದೆ. ಹೀಗಿರುವಾಗ ಓದಿನ ಕೊರತೆಯನ್ನು ಮೆದುಳಿನ ಕಾಯಿಲೆ ಅಂತ ಎಣಿಸುವುದು ಅನ್ಯಾಯ.

ಹೋಗುವಾಗ ಕನ್ನಡಕ, ಕಿವಿಗೆ ಮೆಷಿನ್ ಇದ್ದರೆ ಅದು, ಮಾತ್ರೆ ಚೀಟಿ ತೆಗೆದುಕೊಂಡು ಹೋಗಿ. ಎರಡು ಮೂರು ಗಂಟೆ ಹಿಡಿಯಬಹುದು, ಹೊಟ್ಟೆ ತುಂಬಾ ತಿಂಡಿ ಆಗಿರಲಿ. ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಬೇಡಿ, ಫಲಿತಾಂಶ ಕೆಡುತ್ತದೆ. ರಿಪೋರ್ಟ್ ಬಂದಾಗ ರೋಗದ ಹೆಸರಷ್ಟೇ ಕೇಳಿ ಎದ್ದು ಬರಬೇಡಿ. ಅಮ್ಮ ಒಬ್ಬರೇ ಗ್ಯಾಸ್ ಹಚ್ಚಬಹುದಾ, ಮಾತ್ರೆ ತಾವೇ ತೆಗೆದುಕೊಳ್ಳಬಹುದಾ, ಬ್ಯಾಂಕಿಗೆ ಹೋಗಬಹುದಾ ಅಂತ ಒಂದೊಂದಾಗಿ ಕೇಳಿ ಬರೆದುಕೊಳ್ಳಿ.