ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಮ್‌ವಾಟರ್ ಊರಲ್ಲಿ ನನ್ನ ಮಗಳು ಓದುವ ಶಾಲೆಗೆ ಜಾರ್ಜ್ ಬುಷ್ ಹೆಸರಿದೆ. ಅವರು ಯಾರು? ಅಧ್ಯಕ್ಷ ಬುಷ್ ಅವರ ಕುಟುಂಬದವರಾ?

ಇಲ್ಲ, ಅಧ್ಯಕ್ಷರಾದ ಇಬ್ಬರು ಬುಷ್‌ಗಳಿಗೂ ಇವರಿಗೂ ನೆಂಟಸ್ತಿಕೆ ಇಲ್ಲ. ನಿಮ್ಮ ಮಗಳು ಓದುವ ಶಾಲೆಗೆ ಹೆಸರು ಬಂದಿರುವುದು ಇನ್ನೊಬ್ಬ ಜಾರ್ಜ್ ಬುಷ್ ಅವರಿಂದ. ಇವರ ತಂದೆ ಕಪ್ಪು ಜನಾಂಗದವರು, ತಾಯಿ ಐರಿಷ್. ಟಮ್‌ವಾಟರ್ ಊರು ಕಟ್ಟಿದ ಮೊದಲ ಮನೆತನಗಳಲ್ಲಿ ಇವರದೂ ಒಂದು. ನಾನು ಪಕ್ಕದ ಒಲಿಂಪಿಯಾದಲ್ಲಿದ್ದೇನೆ. ಈ ಮನೆತನದ ಮೇಲೆ ನನಗೆ ತುಂಬಾ ಅಭಿಮಾನ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

1815ರ ನ್ಯೂ ಆರ್ಲಿಯನ್ಸ್ ಕಾಳಗದಲ್ಲಿ ಬುಷ್ ಬ್ರಿಟಿಷರ ವಿರುದ್ಧ ಹೋರಾಡಿದ್ದರು ಅನ್ನುವುದು ಮನೆತನದಲ್ಲಿ ನಡೆದುಬಂದ ಮಾತು. ಆಮೇಲೆ ಮಿಸೌರಿಯಲ್ಲಿ ನೆಲೆಸಿ, 1831ರಲ್ಲಿ ಇಸಾಬೆಲ್ಲಾ ಜೇಮ್ಸ್ ಎಂಬ ಬಿಳಿಯ ಹೆಣ್ಣುಮಗಳನ್ನು ಮದುವೆಯಾದರು. 1844ರಲ್ಲಿ ಹೆಂಡತಿ, ಐದು ಗಂಡುಮಕ್ಕಳೊಂದಿಗೆ ಬಂಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಗೆಳೆಯ ಮೈಕಲ್ ಸಿಮನ್ಸ್ ಕುಟುಂಬವೂ ಜೊತೆಗಿತ್ತು. ಆದರೆ ಕಪ್ಪು ಜನ ನೆಲೆಸಕೂಡದು ಅಂತ, ಅವರು ಹೊರಟಿದ್ದ ಆರೆಗಾನ್‌ನಲ್ಲಿ ಅದೇ ವರ್ಷ ಕಾನೂನು ಬಂದಿತ್ತು. ಅದಕ್ಕೇ ಇಡೀ ತಂಡ ಕೊಲಂಬಿಯಾ ನದಿ ದಾಟಿ ಉತ್ತರಕ್ಕೆ ಬಂತು, 1845ರಲ್ಲಿ ಇಲ್ಲಿ ನೆಲೆಸಿತು. ಸಿಮನ್ಸ್ ಮತ್ತು ಉಳಿದವರು ಬುಷ್ ಅವರನ್ನು ಬಿಟ್ಟು ತಮ್ಮ ಪಾಡಿಗೆ ತಾವು ಆರೆಗಾನ್‌ನಲ್ಲೇ ಉಳಿಯಬಹುದಿತ್ತು, ಅಲ್ವಾ? ಉಳಿಯಲಿಲ್ಲ. ಬುಷ್ ದಂಪತಿ ಇಲ್ಲಿ ಹುಟ್ಟಿದ ಆರನೆಯ ಮಗನಿಗೆ ನೆರೆಯ ಮೂಲನಿವಾಸಿಗಳ ಹೆಸರನ್ನೂ ಸೇರಿಸಿ ಲೂಯಿಸ್ ನಿಸ್ಕ್ವಾಲಿ ಅಂತ ಹೆಸರಿಟ್ಟರು.

1852ರ ಚಳಿಗಾಲದಲ್ಲಿ ಈ ಕಡೆ ಧಾನ್ಯಕ್ಕೆ ಬರ ಬಂತು. ಕಾಳು ಜಾಸ್ತಿ ಇದ್ದದ್ದು ಬುಷ್ ಅವರ ಕಣಜದಲ್ಲಿ. ವ್ಯಾಪಾರಿಗಳು ಒಳ್ಳೆಯ ಬೆಲೆ ಕೊಟ್ಟು ಎಲ್ಲವನ್ನೂ ಕೊಳ್ಳಲು ಬಂದರು. ಬುಷ್ ಮಾರಲಿಲ್ಲ. ಹೊಸದಾಗಿ ಬಂದ ಒಕ್ಕಲುಗಳಿಗೆ ಊಟಕ್ಕಿಷ್ಟು, ಬಿತ್ತನೆಗಿಷ್ಟು ಅಂತ ಕೊಟ್ಟರು. ದುಡ್ಡಿಲ್ಲದವರಿಗೆ ಕೈಗಡವಾಗಿ ಕೊಟ್ಟರು.

ಅಷ್ಟು ಜನರಿಗೆ ಅನ್ನ ಹಾಕಿದ ಆ ಹೊಲ ಕಾಗದದ ಮೇಲೆ ಅವರದಾಗಿರಲಿಲ್ಲ. 1850ರ ಭೂಮಿ ಕಾನೂನು ಗಂಡ ಹೆಂಡತಿಗೆ ಸೇರಿ 640 ಎಕರೆ ಕೊಡುತ್ತಿತ್ತು, ಆದರೆ ಕಪ್ಪು ಜನರನ್ನು ಹೊರಗಿಟ್ಟಿತ್ತು. ಇದು ಸರಿಯಲ್ಲ ಅಂತ ಇಲ್ಲಿನ ಶಾಸನಸಭೆಯೇ ಅಮೆರಿಕದ ಕಾಂಗ್ರೆಸ್ಸಿಗೆ ಮನವಿ ಬರೆಯಿತು. 1855ರಲ್ಲಿ ಕಾಂಗ್ರೆಸ್ಸು ಇವರೊಬ್ಬರ ಸಲುವಾಗಿಯೇ ಕಾಯ್ದೆ ಮಾಡಿ ಆ 640 ಎಕರೆ ಕೊಟ್ಟಿತು. ಮತದ ಹಕ್ಕು ಮಾತ್ರ ಸಿಗಲೇ ಇಲ್ಲ. 1863ರಲ್ಲಿ ತೀರಿಕೊಂಡರು.

ಹಿರಿಯ ಮಗ ವಿಲಿಯಂ ಓವನ್ ಬೆಳೆದ ಗೋಧಿಗೆ 1876ರ ಫಿಲಡೆಲ್ಫಿಯಾ ಪ್ರದರ್ಶನದಲ್ಲಿ ಬಹುಮಾನ ಬಂತು. 1889ರಲ್ಲಿ ವಾಷಿಂಗ್ಟನ್ ರಾಜ್ಯವಾದಾಗ ಮೊದಲ ಶಾಸನಸಭೆಗೆ ಆತ ಆರಿಸಿ ಬಂದ. ಅಪ್ಪ ಒಂದು ಮತವನ್ನೂ ಹಾಕಲಾಗದ ನೆಲದಲ್ಲಿ ಮಗ ಶಾಸಕ! ಇದನ್ನು ಮೊದಲು ಓದಿದಾಗ ನನ್ನ ಕಣ್ಣು ತುಂಬಿತ್ತು.

ಒಲಿಂಪಿಯಾ ವಿಮಾನ ನಿಲ್ದಾಣದ ಹತ್ತಿರ ಅವರ ಹಳೆಯ ಹೊಲವಿದೆ. ಅಲ್ಲೊಂದು ಬಟರ್‌ನಟ್ ಮರ, ನಮ್ಮ ಅಕ್ರೋಟಿನ ದಾಯಾದಿ ಅನ್ನಿ. ಮಿಸೌರಿಯಿಂದ ಬಂಡಿಯಲ್ಲಿ ತಂದ ಬೀಜದ್ದು. ನಾನು ನೋಡಿದಾಗ ಬುಡ ದಪ್ಪವಾಗಿ, ತೊಗಟೆ ಉದ್ದುದ್ದಕ್ಕೆ ಸೀಳಿಕೊಂಡಿತ್ತು. ಮೇಲೆ ಇನ್ನೂ ಎಲೆ ಇತ್ತು. ಮಗಳಿಗೆ ಬುಷ್ ಯಾರು ಅಂತ ಹೇಳುವ ಮುಂಚೆ ಒಂದು ಸಲ ಅದನ್ನು ತೋರಿಸಿ. ಹೊಲ ಖಾಸಗಿ ಜಾಗ, ಹೋಗುವ ಮುಂಚೆ ಅಲ್ಲಿನವರನ್ನು ಕೇಳಿಕೊಳ್ಳಿ.