ದೊಡ್ಡ ಆಟಗಾರ ಸಣ್ಣ ಟೀಮಿಗೆ ಯಾಕೆ ಬರಬಾರದು?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಬೆಂಗಳೂರಿನ ಕಂಪನಿಯ ಕೆಲಸವನ್ನು ಎರಡು ವರ್ಷದಿಂದ ಮೂಡಿಗೆರೆಯ ಮನೆಯಿಂದಲೇ ಮಾಡುತ್ತಿದ್ದೇನೆ. ರಾತ್ರಿ ಹೊತ್ತು ಕಂಪ್ಯೂಟರಿನಲ್ಲಿ 'ಫುಟ್‌ಬಾಲ್ ಮ್ಯಾನೇಜರ್' ಆಡುತ್ತೇನೆ. ಮ್ಯಾನೇಜರ್ ಆಗಿ ಒಂದು ಫುಟ್‌ಬಾಲ್ ಕ್ಲಬ್ ನಡೆಸುವ ಗೇಮ್ ಅದು. ಇಂಗ್ಲೆಂಡಿನ ನಾಲ್ಕನೇ ಹಂತದ, ಅಂದರೆ ಲೀಗ್ ಟೂ ಕ್ಲಬ್ ನನ್ನದು. ಅಲ್ಲಿನ ಮೊದಲ ಹಂತದ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ್ದ 31 ವರ್ಷದ ಮಿಡ್‌ಫೀಲ್ಡರ್ ಒಬ್ಬ ಕಾಂಟ್ರ್ಯಾಕ್ಟ್ ಮುಗಿದು ಖಾಲಿ ಇದ್ದ. ಕರೆದೆ, ಬಂದುಬಿಟ್ಟ! ಈಗ ಗೆಲ್ಲುತ್ತಿದ್ದೇನೆ. ಆದರೆ ಗೆಳೆಯರು 'ಇದು ಗೇಮಿನ ತಪ್ಪು, ನಿಜದಲ್ಲಿ ಹೀಗೆಲ್ಲ ನಡೆಯಲ್ಲ' ಅನ್ನುತ್ತಾರೆ. ನನಗೂ ಏನೋ ಮೋಸ ಮಾಡಿದ ಹಾಗೆ ಅನಿಸುತ್ತಿದೆ. ಅವನನ್ನು ಬಿಟ್ಟುಬಿಡಲೇ?

— ಒಬ್ಬ ಓದುಗ, ಮೂಡಿಗೆರೆ

ಸಂಪಾದಕರ ಉತ್ತರ

ಮೊದಲೇ ಹೇಳಿಬಿಡುತ್ತೇನೆ, ಅವನನ್ನು ಬಿಡಬೇಡಿ.

ನಾನು ಈ ಗೇಮ್ ಆಡುವವನಲ್ಲ. ನನ್ನ ಅಕ್ಕನ ಮಗ ಆಡುತ್ತಾನೆ. ನಿಮ್ಮ ಪತ್ರ ಹಿಡಿದುಕೊಂಡು ಅವನ ಪಕ್ಕದಲ್ಲಿ ಎರಡು ರಾತ್ರಿ ಕೂತೆ. 1992ರಲ್ಲಿ ಇಂಗ್ಲೆಂಡಿನ ಕಾಲಿಯರ್ ಅಣ್ಣತಮ್ಮಂದಿರು 'ಚಾಂಪಿಯನ್‌ಶಿಪ್ ಮ್ಯಾನೇಜರ್' ಅಂತ ಶುರು ಮಾಡಿದ್ದು ಇಷ್ಟು ದೂರ ಬಂದಿದೆ ಅಂತ ಗೊತ್ತಿರಲಿಲ್ಲ. ಪಾಸ್, ಓಟ, ಹೆಡಿಂಗ್, ಎಲ್ಲಕ್ಕೂ 1ರಿಂದ 20ರ ತನಕ ಅಂಕ. ಇದರ ಮೇಲೆ ಕ್ಲಬ್ಬಿಗೂ ಆಟಗಾರನಿಗೂ ರೆಪ್ಯುಟೇಷನ್, ಅಂದರೆ ಹೆಸರು ಎಷ್ಟು ದೊಡ್ಡದು ಅಂತ ಬೇರೆ ಅಂಕಿ. ಕ್ಲಬ್ಬಿನ ಅಂಕಿ ತೀರಾ ಸಣ್ಣದಾದರೆ ದೊಡ್ಡ ಆಟಗಾರ ಆ ಕ್ಲಬ್ಬಿನ ಜೊತೆ ಮಾತಿಗೇ ಕೂರುವುದಿಲ್ಲವಂತೆ. ಕೇಳಿ ಬೇಜಾರಾಯಿತು. ಆಮೇಲೆ ಹುಡುಗ ಇನ್ನೊಂದು ವಿಷಯ ಹೇಳಿದ. ಆಟಗಾರನಿಗೆ ಯಾವ ಕ್ಲಬ್ ಇಷ್ಟ, ಯಾವ ಜನ ಇಷ್ಟ ಅನ್ನುವುದನ್ನೂ ಗೇಮಿನೊಳಗೆ ಬರೆದಿಟ್ಟಿದ್ದಾರೆ. ನಿಷ್ಠೆಗೆ ಅಂಕ ಇದೆ, ಮಹತ್ವಾಕಾಂಕ್ಷೆಗೂ ಇದೆ. ಇದನ್ನು ಮಾಡಿದವರು ಮನುಷ್ಯರನ್ನು ನೋಡಿದವರು ಅಂದುಕೊಂಡೆ.

ನಿಮ್ಮ ಗೆಳೆಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅಂಥ ಆರು ಜನ ಒಂದೇ ತಿಂಗಳಲ್ಲಿ ನಿಮ್ಮ ಕ್ಲಬ್ಬಿಗೆ ಬಂದಿದ್ದರೆ ನಾನೂ ನಂಬುತ್ತಿರಲಿಲ್ಲ. 2009ರಲ್ಲಿ, ಇಂಗ್ಲೆಂಡ್ ದೇಶಕ್ಕೆ ಆಡಿದ್ದ ಸೋಲ್ ಕ್ಯಾಂಬೆಲ್ ನಾಲ್ಕನೇ ಹಂತದ ನಾಟ್ಸ್ ಕೌಂಟಿಗೆ ಐದು ವರ್ಷದ ಕಾಂಟ್ರ್ಯಾಕ್ಟ್ ಹಾಕಿದ. ಆಡಿದ್ದು ಒಂದೇ ಮ್ಯಾಚು. ಮೋರ್ಕಮ್ ಮೇಲೆ 2–1ರಿಂದ ಸೋತರು, ಅವನು ಹೊರಟೇ ಹೋದ. ಹೀಗೂ ಆಗುತ್ತೆ, ಒಪ್ಪಿದೆ.

ಆದರೆ ಅದೇ ನಾಟ್ಸ್ ಕೌಂಟಿಯ ಇನ್ನೊಂದು ಕಥೆ ನಿಮ್ಮ ಗೆಳೆಯರಿಗೆ ಗೊತ್ತಾ? 1947ರ ಮಾತು. ಟಾಮಿ ಲಾಟನ್ ಆಗ ಇಂಗ್ಲೆಂಡ್ ದೇಶದ ಸೆಂಟರ್ ಫಾರ್ವರ್ಡ್. ವಯಸ್ಸು 28. ಮುದುಕನಲ್ಲ, ಗಾಯಾಳುವಲ್ಲ. ಚೆಲ್ಸಿಯಂಥ ಕ್ಲಬ್ ಬಿಟ್ಟು ಮೂರನೇ ಡಿವಿಷನ್ನಿನ ನಾಟ್ಸ್ ಕೌಂಟಿಗೆ ಬಂದ. ಕ್ಲಬ್ ಅವನಿಗಾಗಿ ಕೊಟ್ಟದ್ದು 20,000 ಪೌಂಡ್, ಬ್ರಿಟನ್ನಿನಲ್ಲಿ ಆವತ್ತಿನ ದಾಖಲೆ. ಸಂಬಳದ ಆಸೆಗೆ ಬಂದ ಅನ್ನುತ್ತೀರಾ? 1961ರ ತನಕ ಅಲ್ಲಿ ಆಟಗಾರರ ಸಂಬಳಕ್ಕೆ ಮಿತಿ ಇತ್ತು. ದೊಡ್ಡ ಕ್ಲಬ್ಬೂ ಅಷ್ಟೇ ಕೊಡಬೇಕು, ಸಣ್ಣದೂ ಅಷ್ಟೇ. ಚೆಲ್ಸಿಯಲ್ಲಿ ಅವನಿಗೆ ಮನಸ್ಸು ನಿಂತಿರಲಿಲ್ಲ. ಅಲ್ಲಿ ಆಟಗಾರರ ಕೈಕಾಲು ನೋಡಿಕೊಳ್ಳುತ್ತಿದ್ದ ಆರ್ಥರ್ ಸ್ಟಾಲರಿ ಅವನ ಗೆಳೆಯ. ಆ ಸ್ಟಾಲರಿ ನಾಟ್ಸ್ ಕೌಂಟಿಗೆ ಮ್ಯಾನೇಜರ್ ಆದ. ಗೆಳೆಯ ಇದ್ದ ಕಡೆ ಲಾಟನ್ ಹೋದ. ಮೂರನೇ ಡಿವಿಷನ್ನಿನಲ್ಲಿ ಇದ್ದುಕೊಂಡೇ ಇಂಗ್ಲೆಂಡ್ ಪರವಾಗಿಯೂ ಆಡಿದ. 1950ರಲ್ಲಿ ಕ್ಲಬ್ಬನ್ನು ಎರಡನೇ ಡಿವಿಷನ್ನಿಗೆ ಏರಿಸಿದ ತಂಡದಲ್ಲಿ ಅವನಿದ್ದ.

ಇದನ್ನು ಇವತ್ತು ನಿಮ್ಮ ಗೇಮಿನಲ್ಲಿ ಹಾಕಿದರೆ ಗೆಳೆಯರು ಏನನ್ನುತ್ತಾರೆ? ಸಾಫ್ಟ್‌ವೇರ್ ಕೆಟ್ಟಿದೆ ಅನ್ನುತ್ತಾರೆ.

1961ರಲ್ಲಿ ಇಂಗ್ಲೆಂಡಿನ ಹೆಸರಾಂತ ಆಟಗಾರ ಸ್ಟ್ಯಾನ್ಲಿ ಮ್ಯಾಥ್ಯೂಸ್ ತನ್ನ ಊರಿನ ಸ್ಟೋಕ್ ಸಿಟಿಗೆ ವಾಪಸ್ ಬಂದಾಗ ವಯಸ್ಸು 46, ಕ್ಲಬ್ ಎರಡನೇ ಡಿವಿಷನ್ನಿನಲ್ಲಿತ್ತು. ಹಿಂದಿನ ಮ್ಯಾಚಿಗೆ ಎಂಟು ಸಾವಿರ ಚಿಲ್ಲರೆ ಜನ ಬಂದಿದ್ದ ಮೈದಾನಕ್ಕೆ ಅವನನ್ನು ನೋಡಲು 35 ಸಾವಿರ ದಾಟಿ ಬಂದರು. ಇನ್ನು 2006. ಜುಲೈನಲ್ಲಿ ವಿಶ್ವಕಪ್ ಗೆದ್ದ ಡೆಲ್ ಪಿಯೆರೊ, ಬುಫಾನ್ ಇಬ್ಬರೂ ಸೆಪ್ಟೆಂಬರಿನಲ್ಲಿ ಇಟಲಿಯ ಎರಡನೇ ಹಂತದ ಸೀರಿ ಬಿಯಲ್ಲಿ ಆಡುತ್ತಿದ್ದರು. ಇವರ ಕ್ಲಬ್ ಯುವೆಂಟಸ್ ಕೆಳಗಿಳಿದಿತ್ತು, ಇವರು ಬಿಟ್ಟು ಹೋಗಲಿಲ್ಲ. ಎಡ್ಗರ್ ಡೇವಿಡ್ಸ್ 1995ರಲ್ಲಿ ಅಯಾಕ್ಸ್ ಕ್ಲಬ್ ಜೊತೆ ಯುರೋಪಿನ ಅತಿ ದೊಡ್ಡ ಕ್ಲಬ್ ಪಂದ್ಯಾವಳಿ ಚಾಂಪಿಯನ್ಸ್ ಲೀಗ್ ಗೆದ್ದವನು. 2012ರಲ್ಲಿ ಲಂಡನ್ನಿನ ಬಾರ್ನೆಟ್ ಸೇರಿದ. ನಿಮ್ಮದೇ ಲೀಗ್ ಟೂ! ಲಂಡನ್ನಿನಲ್ಲೇ ಅವನ ಮನೆ. ಆ ಸೀಸನ್ನಿನ ಕೊನೆಗೆ ಬಾರ್ನೆಟ್ ಕೆಳಗಿಳಿದದ್ದೂ ನಿಜ. ಅಷ್ಟಾದರೂ ಮುಂದಿನ ಸೀಸನ್ನಿಗೆ ಅಲ್ಲೇ ಇದ್ದ.

ಗೆಳೆತನ, ಹುಟ್ಟೂರು, ಮನೆ ಹತ್ತಿರ. ಇವು ಸಣ್ಣ ಕಾರಣಗಳಾ?

ಇನ್ನೊಂದು ಕಾರಣ ಇದೆ, ಅದು ಎಲ್ಲಕ್ಕಿಂತ ದೊಡ್ಡದು ಅಂತ ನನ್ನ ನಂಬಿಕೆ. ಆಟಗಾರನಿಗೆ ಆಡಬೇಕು. ಪ್ರೀಮಿಯರ್ ಲೀಗ್ ಕ್ಲಬ್ 25 ಜನರ ಹೆಸರು ಬರೆಸಬಹುದು. ಮೈದಾನಕ್ಕೆ ಇಳಿಯುವವರು 11. ಉಳಿದವರು ಬೆಂಚಿನಲ್ಲಿ, ಇಲ್ಲ ಗ್ಯಾಲರಿಯಲ್ಲಿ. ಬೆಂಚಿನಲ್ಲಿ ಕೂತವನ ಹೊಟ್ಟೆಯೊಳಗಿನ ಸಂಕಟವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ನಾನು ಇಪ್ಪತ್ತರ ಆಸುಪಾಸಿನಲ್ಲಿ ಇದ್ದಾಗ ಆಲ್ದೂರು ಕಡೆಯ ನಮ್ಮ ಹಳ್ಳಿಗೆ ಒಂದು ವಾಲಿಬಾಲ್ ಟೀಮ್ ಇತ್ತು. ಎಸ್ಟೇಟಿನಲ್ಲಿ ಕೆಲಸ ಮಾಡುವ ಹುಡುಗರು, ಕಾಲೇಜಿಗೆ ಹೋಗುವ ನಾವು ಇಬ್ಬರು ಮೂವರು. ಪಕ್ಕದ ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಆ ವಾರ ನಮ್ಮ ಎದುರು ಮನೆಗೆ ನೆಂಟರು ಬಂದರು. ಆ ಮನೆಯ ಸೊಸೆಯ ತಮ್ಮ ರಾಜ್ಯ ತಂಡಕ್ಕೆ ಆಡಿದವನು ಅಂತ ಗೊತ್ತಾಯಿತು. ಕೇಳಲು ನಮಗೆ ಹೆದರಿಕೆ. ಕೊನೆಗೆ ಅವನ ಅಕ್ಕನೇ ಒಳಗೆ ಹೋಗಿ ಕೇಳಿದರು. ಅವನು ಹೊರಗೆ ಬಂದು ಒಂದೇ ಮಾತು ಕೇಳಿದ, "ನಿಮ್ಮ ಲಿಫ್ಟರ್ ಯಾರು?" ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು ಯಾರು ಅಂತ.

ಸೆಮಿಫೈನಲ್ ಗೆದ್ದ ತಕ್ಷಣ ಎದುರು ಟೀಮಿನವರು ಗಲಾಟೆ ಎಬ್ಬಿಸಿದರು. ಇಷ್ಟು ದೊಡ್ಡ ಪ್ಲೇಯರ್ ಇವರ ಟೀಮಿಗೆ ಯಾಕೆ ಬರ್ತಾನೆ, ದುಡ್ಡು ಕೊಟ್ಟು ಕರೆಸಿದ್ದಾರೆ ಅಂತ. ಸಮಿತಿಯವರು ಮೈಕ್ ಆಫ್ ಮಾಡಿ ಅರ್ಧ ಗಂಟೆ ಮಾತಾಡಿದರು. ನಾವು ಅವನಿಗೆ ಕೊಟ್ಟದ್ದು ಏನು ಗೊತ್ತಾ? ಅವತ್ತು ರಾತ್ರಿ ಕಡುಬು, ಕೋಳಿ ಸಾರು. ಅದೂ ಅವನ ಅಕ್ಕನ ಮನೆಯದೇ. ಫೈನಲ್ ಸೋತೆವು. ವಾಪಸ್ ಬರುವಾಗ ಜೀಪಿನಲ್ಲಿ ಅವನು ಹೇಳಿದ, "ಎರಡು ವರ್ಷದಿಂದ ನಾನು ಪೂರ್ತಿ ಒಂದು ಮ್ಯಾಚ್ ಆಡಿಲ್ಲ. ಅಲ್ಲಿ ನೀರು ಕೊಡೋದೇ ಕೆಲಸ." ಮುಂದಿನ ವರ್ಷವೂ ಬಂದ. ಕರೆಯದೇ ಬಂದ.

ಆ ಎದುರು ಟೀಮಿನವರ ಪ್ರಶ್ನೆ ನೋಡಿ. ಅದೇ ನಿಮ್ಮ ಗೆಳೆಯರ ಪ್ರಶ್ನೆ, ಈಗ ನಿಮ್ಮದೂ ಆಗಿಬಿಟ್ಟಿದೆ. ಇಲ್ಲಿ ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪ ಇದೆ. ಒಳ್ಳೆಯವನೊಬ್ಬ ನಮ್ಮ ಕಡೆಗೆ ಬಂದರೆ ನಾವು ಮೊದಲು ಮಾಡುವ ಕೆಲಸ ಅನುಮಾನ ಪಡುವುದು. ನಮ್ಮ ಎರಡೂ ಜಿಲ್ಲೆಗಳಿಗೆ, ಚಿಕ್ಕಮಗಳೂರಿಗೂ ಹಾಸನಕ್ಕೂ, ಈ ಕಾಯಿಲೆ ಚೆನ್ನಾಗಿ ಅಂಟಿದೆ. ಒಂದು ತಾಲ್ಲೂಕಿಗೆ ಬೆಂಗಳೂರಿನಿಂದ ಒಳ್ಳೆ ಮಕ್ಕಳ ಡಾಕ್ಟರ್ ಬಂದರು. ತಾಯಿಗೆ ವಯಸ್ಸಾಗಿತ್ತು, ತೋಟದ ಮನೆಯಲ್ಲಿ ಒಬ್ಬರೇ ಇದ್ದರು. ಊರಿನ ಮಾತು ಏನು? 'ಅಲ್ಲೇನೋ ಎಡವಟ್ಟು ಮಾಡಿಕೊಂಡೇ ಬಂದಿರಬೇಕು, ಇಲ್ಲದಿದ್ದರೆ ಇಲ್ಲಿಗೆ ಯಾರು ಬರ್ತಾರೆ?' ಮೂರು ವರ್ಷ ಆ ಮಾತು ಕೇಳಿ ಅವರು ತಾಯಿಯನ್ನೂ ಕರೆದುಕೊಂಡು ಹೊರಟರು. ಈಗ ಅದೇ ಜನ ಜ್ವರ ಬಂದ ಮಗುವನ್ನು ಎತ್ತಿಕೊಂಡು ಹಾಸನದ ತನಕ ಹೋಗುತ್ತಾರೆ.

ನಮ್ಮ ಪತ್ರಿಕೆಗೇ ಬನ್ನಿ. ಒಳ್ಳೆ ಚಿತ್ರ ಬರೆಯುವ ಹುಡುಗಿಯೊಬ್ಬಳು ನಮಗೆ ಮುಖಪುಟ ಮಾಡಿಕೊಡುತ್ತಾಳೆ. ದೊಡ್ಡ ಪತ್ರಿಕೆಯಲ್ಲಿ ಅವಳ ಕೆಲಸ ಒಳಪುಟದ ಮೂಲೆಗೆ ಹೋಗುತ್ತಿತ್ತು. ನಮ್ಮಲ್ಲಿ ಪೂರ್ತಿ ಮುಖಪುಟ ಅವಳದ್ದು. ಆದರೂ ಸಿಕ್ಕಿದವರೆಲ್ಲ ಕೇಳುತ್ತಾರೆ, 'ಇವಳು ನಿಮಗೆ ಯಾಕೆ ಮಾಡಿಕೊಡ್ತಾಳೆ?' ನಮ್ಮ ರೆಪ್ಯುಟೇಷನ್ ಅಂಕಿಯನ್ನು ಯಾವ ಕಂಪ್ಯೂಟರೂ ಕೊಟ್ಟಿದ್ದಲ್ಲ. ನಾವೇ ಸಣ್ಣದಾಗಿ ಬರೆದುಕೊಂಡು ಅದನ್ನೇ ನಂಬಿ ಕೂತಿದ್ದೇವೆ.

ನೀವು ಬೆಂಗಳೂರಿನ ಕೆಲಸ ಮೂಡಿಗೆರೆಯಿಂದ ಮಾಡುತ್ತಿದ್ದೀರಿ. ಅಂಗಡಿ ಹತ್ತಿರ ಯಾರೂ 'ಕೆಲಸ ಹೋಯ್ತಾ?' ಅಂತ ಕೇಳಿಲ್ಲವಾ? ಕೇಳಿರುತ್ತಾರೆ. ಆಗ ನಿಮಗೆ ಎಷ್ಟು ನೋವಾಗಿರಬಹುದು ಅಂತ ನನಗೆ ಗೊತ್ತು. ಮಳೆಗಾಲದಲ್ಲಿ ಕರೆಂಟ್ ಹೋಗಿ, ನೆಟ್‌ವರ್ಕ್ ಹೋಗಿ ಒದ್ದಾಡುತ್ತಲೂ ಇಲ್ಲೇ ಉಳಿದ ನಿಮಗೆ ನಿಮ್ಮದೇ ಕಾರಣಗಳಿವೆ, ಅಲ್ವಾ? ಆ ಮಿಡ್‌ಫೀಲ್ಡರ್‌ಗೂ ಇರಬಾರದಾ?

ಗೇಮಿನ ವಿಷಯಕ್ಕೆ ಒಂದೇ ಮಾತು. 'ಬರಲ್ಲ' ಅಂದವನನ್ನು ಹಳೆಯ ಸೇವ್ ಲೋಡ್ ಮಾಡಿ ಮಾಡಿ, ಅಂದರೆ ಗೇಮನ್ನು ಹಿಂದಕ್ಕೆ ಒಯ್ದು, ಮತ್ತೆ ಮತ್ತೆ ಕರೆದಿದ್ದರೆ ಅದು ತಪ್ಪು. ನೀವು ಹಾಗೆ ಮಾಡಿಲ್ಲ. ಖಾಲಿ ಇದ್ದವನನ್ನು ಮರ್ಯಾದೆಯಿಂದ ಕರೆದಿದ್ದೀರಿ. ಇವತ್ತು ರಾತ್ರಿ ಅವನ ಪುಟ ತೆಗೆದು ನೋಡಿ. ಕಳೆದ ಎರಡು ಸೀಸನ್ನಿನಲ್ಲಿ ಎಷ್ಟು ಮ್ಯಾಚ್ ಆಡಿದ್ದಾನೆ? ಹುಟ್ಟಿದ ಊರು ಯಾವುದು? ಇಷ್ಟವಾದ ಜನರ ಪಟ್ಟಿಯಲ್ಲಿ ನಿಮ್ಮ ಕೋಚ್‌ಗಳ ಪೈಕಿ ಯಾರಾದರೂ ಇದ್ದಾರಾ? ಏನಾದರೂ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ನನಗೆ ಬರೆದು ತಿಳಿಸಿ. ಅವನು ಮುಂದಿನ ಸೀಸನ್ನಿಗೂ ಉಳಿದನಾ ಅನ್ನುವುದನ್ನೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ